ಸಿನಿಮಾ ಬಂದ ಮೇಲೆ

ಹೊಸ ವರ್ಷ ಶುರುವಾದ ವಾರದಲ್ಲಿ ನಮ್ಮ ಕನ್ನಡ ಸಿನಿಮಾ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಈ ವರ್ಷ ನೀವು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಸಿನಿಮಾ ಯಾವುದು? ಪುಣೆಯ ಚಿಂಚವಾಡ, ನಿಗಡಿ, ಹಿಂಜವಡಿ ಕಡೆಯ ಕನ್ನಡದವರೆಲ್ಲ ಮೊಬೈಲಿನಲ್ಲಿ ಸೇರಿಕೊಂಡ ಗುಂಪು ಅದು. ಎಲ್ಲರಿಗಿಂತ ಮೊದಲು ಉತ್ತರ ಬರೆಯುವವಳು ನಾನು. ಮಲಯಾಳದ ಯಾವ ಕೊಲೆ ಕಥೆ ಯಾವ ತಿಂಗಳು ಬರುತ್ತದೆ, ಯಾವ ಮರಾಠಿ ನಟ ಮೊದಲ ಸಲ ನಿರ್ದೇಶನಕ್ಕೆ ಇಳಿದಿದ್ದಾನೆ, ಬೆಂಗಳೂರಿನಲ್ಲಿ ಯಾವ ಚಿತ್ರದ ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದರು, ಎಲ್ಲ ನನ್ನ ಬಾಯಲ್ಲೇ ಇರುತ್ತದೆ. ಹೋದ ವರ್ಷವೂ ಬರೆದೆ. ಎಲ್ಲಕ್ಕಿಂತ ಮೇಲೆ ಬರೆದದ್ದು ಸಮುದ್ರ, ಹಡಗು, ಕೋಟೆ ಎಲ್ಲ ಇದ್ದ ನಮ್ಮ ಕನ್ನಡದ ಒಂದು ದೊಡ್ಡ ಚಿತ್ರವನ್ನು. ಪಕ್ಕದಲ್ಲಿ ಬೆಂಕಿಯ ಗುರುತನ್ನೂ ಹಾಕಿದೆ. ಆ ಸಿನಿಮಾ ಬಂದ ಮರುದಿನ ನನ್ನ ಗಂಡ ಮನೆ ಬಿಟ್ಟು ಹೋಗುವುದೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು.

ಮಾತಾದದ್ದು ಅದಕ್ಕೂ ಕೆಲವು ತಿಂಗಳು ಮುಂಚೆ, ಗಣಪತಿ ಕಳಿಸಿದ ಮೇಲಿನ ಒಂದು ಸಂಜೆ. ಅವರು ಭೋಸರಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾನು ಪಿಂಪ್ರಿಯ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ. ಇಬ್ಬರೂ ಧಾರವಾಡ ಕಡೆಯವರು, ಮದುವೆಯಾದಾಗಿನಿಂದ ಚಿಂಚವಾಡದಲ್ಲೇ ಸಂಸಾರ. ಮಕ್ಕಳಿಲ್ಲ. ಆ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ತಾಟಿನ ಮುಂದೆ ಕೂತವರು ತಲೆ ಎತ್ತದೆ ಹೇಳಿದರು:

"ನನಗ ಇನ್ನ ಒಬ್ಬನ ಇರಬೇಕು ಅನಸ್ತದ."

"ಅಂದ್ರ?"

"ಅಂದ್ರ ಬ್ಯಾರೆ ಬ್ಯಾರೆ ಇರೂಣು. ಜಗಳಿಲ್ಲ, ಏನಿಲ್ಲ. ಸಾಕಾಗೇದ, ಅಷ್ಟ."

"ಯಾರರೆ ಅದಾರೇನು?"

"ಯಾರೂ ಇಲ್ಲ."

ಇದ್ದಿದ್ದರೆ ಒಳ್ಳೆಯದಿತ್ತು. ಅವಳ ಮನೆ ಹುಡುಕಿಕೊಂಡು ಹೋಗಿ ಬಾಯಿಗೆ ಬಂದಂತೆ ಬೈದು ಬರಬಹುದಿತ್ತು. ಬೈಯುವುದು ನನಗೆ ಚೆನ್ನಾಗಿ ಬರುತ್ತದೆ, ಗುಂಪಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಯಾರೂ ಇಲ್ಲ ಎಂದರೆ ಯಾರಿಗೆ ಬೈಯಬೇಕು? ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಅಳು ಬರಬೇಕಿತ್ತು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಒಸಡಿಗೆ ಸೂಜಿ ಕೊಡುತ್ತಾರಲ್ಲ, ಆಗ ದವಡೆ ನಮ್ಮದೇ ಆದರೂ ಮುಟ್ಟಿದರೆ ಗೊತ್ತಾಗುವುದಿಲ್ಲ. ನನ್ನ ಮೈಯೆಲ್ಲ ಹಾಗಾಯಿತು. ಆಮೇಲೆ ನನ್ನ ಬಾಯಿಂದ ಬಂದ ಮಾತು ನನಗೇ ವಿಚಿತ್ರವೆನಿಸಿತು.

"ಆ ಸಿನಿಮಾ ಬರ್ಲಿ, ಆಮ್ಯಾಲೆ ಹೋಗ್ರಿ. ಎಲ್ಲಾರಿಗೂ ಹೇಳಿ ಕೂತೇವಿ. ಕಾಯಿ ಯಾರು ಒಡೀಬೇಕು?"

"ದೀಪಾವಳಿಗೆ ಬರ್ತದಲ್ಲ? ಆತು. ಸಿನಿಮಾ ಬಂದ ಮ್ಯಾಲೆ," ಎಂದರು. ಇನ್ನೊಂದು ರೊಟ್ಟಿ ಹಾಕು ಎಂದು ತಾಟು ಮುಂದೆ ಮಾಡಿದರು. ನಾನು ಹಾಕಿದೆ.

ಈ ಕಾಯಿಯ ವಿಷಯ ಹೇಳಬೇಕು. ಪುಣೆಯಲ್ಲಿ ಕನ್ನಡ ಸಿನಿಮಾ ನೋಡುವುದೆಂದರೆ ನಾವೇ ಓಡಾಡಿ ತರಿಸಿಕೊಳ್ಳುವ ಕೆಲಸ. ಹಾಲ್ ತುಂಬುತ್ತದೆ ಎಂದು ಮಾತು ಕೊಟ್ಟರೆ ಮಾತ್ರ ಥಿಯೇಟರಿನ ಮ್ಯಾನೇಜರ್ ರವಿವಾರ ಬೆಳಗಿನ ಒಂದು ಆಟ ಕೊಡುತ್ತಾನೆ. ಸಿನಿಮಾ ಆರಿಸುವುದು, ಮನೆಮನೆಗೆ ಫೋನ್ ಮಾಡಿ ಜನರನ್ನು ಎಬ್ಬಿಸುವುದು ನನ್ನ ಪಾಲಿಗೆ. ಸೀಟು ಹಂಚುವುದು ನನ್ನ ಗಂಡನ ಪಾಲಿಗೆ. ಮೊಣಕಾಲು ನೋವಿನವರಿಗೆ ನಡುವೆ ಓಡಾಡುವ ದಾರಿಯ ಪಕ್ಕದ ಕುರ್ಚಿ, ಸೀಟಿ ಹೊಡೆಯುವ ಹಿಂಜವಡಿಯ ಹುಡುಗರಿಗೆ ಮುಂದಿನ ಸಾಲು, ಕೂಸು ಇರುವವರಿಗೆ ಬಾಗಿಲ ಹತ್ತಿರ. ಯಾರ ಮನಸ್ಸೂ ನೋಯದಂತೆ ಹಂಚುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಮೊದಲ ದಿನ ಆಟಕ್ಕೆ ಮುಂಚೆ ಸಿನಿಮಾದ ಹೆಸರಿನಲ್ಲಿ ಒಂದು ತೆಂಗಿನಕಾಯಿ ಒಡೆಯಬೇಕು. ಥಿಯೇಟರಿನ ಒಳಗೆ ಬಿಡುವುದಿಲ್ಲವಾದ್ದರಿಂದ ಕೆಳಗೆ ವಾಹನ ನಿಲ್ಲಿಸುವ ಕಡೆ, ಒಂದು ಕಂಬದ ಬುಡದಲ್ಲಿ ಪೋಸ್ಟರ್ ಇಟ್ಟು ಒಡೆಯುತ್ತೇವೆ. ಸಾತಾರಾ ಕಡೆಯ ಕಾವಲುಗಾರ ಮೊದಮೊದಲು ಬೈಯುತ್ತಿದ್ದ, ಈಗ ಪ್ರಸಾದಕ್ಕೆ ತಾನೇ ಕೈ ಚಾಚುತ್ತಾನೆ.

ಮೊದಲು ಯಾರು ಬೇಕಾದರೂ ಒಡೆಯುತ್ತಿದ್ದರು. ಒಮ್ಮೆ ಹಿಂಜವಡಿಯ ಒಬ್ಬ ಹುಡುಗ ಹುರುಪಿನಿಂದ ಒಡೆದ. ಕಾಯಿ ಕೆಟ್ಟಿತ್ತು. ಸಿನಿಮಾ ಒಂದೇ ವಾರಕ್ಕೆ ಗಂಟುಮೂಟೆ ಕಟ್ಟಿತು. ಆಗ ನಮ್ಮ ಗುಂಪಿನ ಹಿರಿಯರು, ನಾವೆಲ್ಲ ಗದಗದ ಅಮ್ಮ ಎಂದೇ ಕರೆಯುವವರು, ಕಟ್ಟಪ್ಪಣೆ ಮಾಡಿದರು. "ಲಗ್ನ ಆಗದವರು ಒಡೀಬಾರದಪ್ಪಾ. ಜೋಡಿನ ಒಡೀಬೇಕು. ಗಂಡ ಒಡೀಬೇಕು, ಹೆಂಡತಿ ಆರತಿ ಬೆಳಗಬೇಕು." ಜೋಡಿ ಎಂದರೆ ಯಾರು? ಎಲ್ಲ ನಮ್ಮ ಕಡೆಗೇ ನೋಡಿದರು. ಮುಂದಿನ ಸಿನಿಮಾಕ್ಕೆ ನಾವು ಒಡೆದೆವು, ಅದು ವಾರಗಟ್ಟಲೆ ಓಡಿತು. ಅಲ್ಲಿಗೆ ಆ ಕೆಲಸ ನಮ್ಮ ಕೊರಳಿಗೆ ಬಿತ್ತು.

ದೀಪಾವಳಿಗೆ ಇನ್ನೂ ದಿನಗಳಿರುವಾಗ ಅವರು ಭೋಸರಿಯಲ್ಲಿ ಕಾರ್ಖಾನೆಯ ಹತ್ತಿರವೇ ಬಾಡಿಗೆಗೆ ಒಂದು ಖೋಲಿ ನೋಡಿ ಬಂದರು. ನನ್ನಿಂದ ಮುಚ್ಚಿಡಲಿಲ್ಲ. "ಛಲೋ ಅದ. ಗಾಳಿ ಬರ್ತದ," ಎಂದರು. ಗಾಳಿ ಬಂದರೆ ಒಳ್ಳೆಯದೇ ಎಂದೆ. ಮಾರನೆಯ ಬೆಳಿಗ್ಗೆ ಚಹಾ ಕುಡಿಯುತ್ತ ಮೊಬೈಲ್ ನೋಡುತ್ತಿದ್ದವರು ಹುಬ್ಬು ಏರಿಸಿದರು.

"ಮುಂದ ಹೋತಂತ."

"ಏನು?"

"ಸಿನಿಮಾ. ಗ್ರಾಫಿಕ್ಸ್ ಮುಗಿದಿಲ್ಲಂತ. ಸಂಕ್ರಾಂತಿಗೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಟಿಫಿನ್ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋದರು. ಗುಂಪಿನಲ್ಲಿ ಬೆಂಕಿ ಹತ್ತಿತ್ತು. ನಿರ್ದೇಶಕನಿಗೆ, ನಿರ್ಮಾಪಕನಿಗೆ, ಪಾಪ, ನಾಯಕನ ಅಪ್ಪನಿಗೂ ಬೈಗುಳ. ನಾನು ಸುಮ್ಮನಿದ್ದರೆ ಅನುಮಾನ ಬರುತ್ತದೆ ಎಂದು ನಾನೂ ಬರೆದೆ: ಇವರಿಗೆ ನಾಚಿಕೆ ಮಾನ ಮರ್ಯಾದೆ ಏನಾದರೂ ಇದೆಯೇ, ಕನ್ನಡದ ಜನರನ್ನು ಏನೆಂದುಕೊಂಡಿದ್ದಾರೆ? ಆ ಮಾತಿಗೆ ಗುಂಪಿನವರೆಲ್ಲ ಚಪ್ಪಾಳೆಯ ಗುರುತು ಹಾಕಿದರು. ಆ ದಿನ ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿದಾಗ ಬಹಳ ಹಸಿವಾಗಿತ್ತು. ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಖುಷಿ ಎನ್ನುವಂಥದ್ದೇನೂ ಆಗಿರಲಿಲ್ಲ, ಹಸಿವಾಗಿತ್ತು ಅಷ್ಟೆ.

ಸಂಕ್ರಾಂತಿಗೆ ಒಂದು ದೊಡ್ಡ ಹಿಂದಿ ಚಿತ್ರ ಅಡ್ಡ ಬಂತು. ಯುಗಾದಿಗೆ ಎಂದರು. ಖೋಲಿಯ ಮಾಲೀಕ ಆಗಾಗ ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದು ಮರಾಠಿಯಲ್ಲಿ ಕೇಳುವನು. ಇವರು ಬಾಲ್ಕನಿಗೆ ಹೋಗಿ ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುವರು. ಸಿನಿಮಾ ಬಿಡುಗಡೆಯಾದ ಮೇಲೆ ಬರುತ್ತೇನೆ ಎಂದು ಯಾವ ಮನುಷ್ಯನಿಗೆ ಹೇಳಲು ಬರುತ್ತದೆ?

ಆ ತಿಂಗಳುಗಳಲ್ಲಿ ನಾವು ಹೇಗಿದ್ದೆವು ಎಂದರೆ ಜನ ನಂಬುವುದಿಲ್ಲ. ಜಗಳವಿಲ್ಲ. ಅವರು ಹಾಲ್‌ನಲ್ಲಿ ಮಲಗುತ್ತಿದ್ದರು, ನಾನು ಒಳಗೆ. ತರಕಾರಿ ಅವರೇ ತರುತ್ತಿದ್ದರು. ಮಿಕ್ಕ ಸಿನಿಮಾಗಳಿಗೆ ಮೊದಲಿನಂತೆಯೇ ಹೋಗುತ್ತಿದ್ದೆವು. ನಾನು ಕಾಯುತ್ತಿದ್ದ ಮಲಯಾಳದ ಕೊಲೆ ಕಥೆ ಬಂತು, ಹೋಗಿ ಪಕ್ಕಪಕ್ಕದಲ್ಲಿ ಕೂತು ನೋಡಿದೆವು. ಕೊಲೆ ಮಾಡಿದವನು ಯಾರೆಂದು ಅವರು ಅರ್ಧದಲ್ಲೇ ಹೇಳಿಬಿಟ್ಟರು. ಬಾಯಿ ಮುಚ್ಚಿಕೊಂಡು ಕೂಡ್ರಿ ಎಂದು ನಾನು ಗದರಿದೆ. ಮರಾಠಿ ನಟನ ಚಿತ್ರವೂ ಬಂತು. ಅದು ನನಗೆ ಸೇರಿತು, ಅವರಿಗೆ ಸೇರಲಿಲ್ಲ, ಮನೆಗೆ ಬರುವ ತನಕ ವಾದ ಮಾಡಿದೆವು. ಬಹಳ ವರ್ಷಗಳಿಂದ ನಮ್ಮಿಬ್ಬರ ನಡುವೆ ಉಳಿದ ಮಾತು ಇದೊಂದೇ ಆಗಿತ್ತು. ಹಾಲು, ಕರೆಂಟು, ನೀರಿನ ಟ್ಯಾಂಕರು ಬಿಟ್ಟರೆ ಸಿನಿಮಾ. ಇಷ್ಟು ಮಾತಾದರೂ ಇದೆಯಲ್ಲ ಎಂದು ನಾನು ಅಂದುಕೊಂಡಿದ್ದೆ. ಇಷ್ಟೇ ಇದೆಯಲ್ಲ ಎಂದು ಅವರಿಗೆ ಅನಿಸಿರಬೇಕು.

ಯುಗಾದಿಯ ವಾರದಲ್ಲಿ ಮೂರನೆಯ ಸಲ ಮುಂದೆ ಹಾಕಿದರು. ಈ ಸಲ ಕ್ರಿಕೆಟ್ಟಿನ ನೆಪ. ಇವರು ಅದನ್ನು ಓದಿ ಹೇಳಿ, ಹೋಗುವ ದಿನಕ್ಕೆಂದು ಕಪಾಟಿನಲ್ಲಿ ಮಡಚಿಟ್ಟಿದ್ದ ಬಟ್ಟೆಗಳ ಚೀಲದಿಂದ ಎರಡು ಅಂಗಿ ಹೊರಗೆ ತೆಗೆದು ಇಸ್ತ್ರಿ ಮಾಡತೊಡಗಿದರು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು.

"ನಿಮಗ ಹೋಗೂದಿದ್ರ ಹೋಗ್ರಿ! ನಾ ಏನ್ ಕಾಲು ಕಟ್ಟೇನೇನು? ಸಿನಿಮಾದವರ ಮ್ಯಾಲೆ ಯಾಕ ಹಾಕ್ತೀರಿ?"

ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರು. "ನೀನ ಅಂದಿದ್ದಿ, ಸಿನಿಮಾ ಬಂದ ಮ್ಯಾಲೆ ಅಂತ."

"ಅಂದಿದ್ದೆ."

"ನಾನೂ ಹೂಂ ಅಂದೇನಿ. ಬರ್ಲಿ."

"ಬರಲಿಲ್ಲಂದ್ರ?"

"ಬರ್ತದ. ಎಲ್ಲಾ ಸಿನಿಮಾನೂ ಬರ್ತಾವ," ಎಂದು ಮತ್ತೆ ಇಸ್ತ್ರಿ ಹಿಡಿದರು.

ಶಿವನೇ, ಇಂಥ ಮನುಷ್ಯನ ಜೊತೆ ಏನೆಂದು ಹೊಡೆದಾಡುವುದು? ಮಷೀನಿನ ಮುಂದೆ ನಿಂತು ಅಳತೆ ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಆಗದಂತೆ ಕೆಲಸ ತೆಗೆಯುವವರು, ಮಾತಿಗೂ ಹಾಗೆಯೇ. ಹೋಗುವುದರಲ್ಲೂ ಕೊಟ್ಟ ಮಾತು ಮುರಿಯಲೊಲ್ಲರು. ಹಾಳಾಗಿ ಹೋಗಲಿ ಎಂದುಕೊಂಡು ಒಳಗೆ ಹೋಗಿ ಮಲಗಿದೆ. ತಲೆ ಕೆಟ್ಟದ್ದೂ ಹತ್ತು ನಿಮಿಷವಷ್ಟೇ. ಆಮೇಲೆ ಮತ್ತೆ ಅದೇ ಜೋಮು.

ಶ್ರಾವಣದಲ್ಲಿ ಸಿನಿಮಾ ಬಂತು. ಈ ಸಲ ಮುಂದೆ ಹೋಗಲಿಲ್ಲ. ಟ್ರೇಲರ್ ಬಂತು, ಹಾಡು ಬಂತು, ಮ್ಯಾನೇಜರ್ ತಾನಾಗಿ ಫೋನ್ ಮಾಡಿ, ರವಿವಾರ ಬೆಳಗಿನ ಆಟ ನಿಮಗೇ ತಾಯಿ ಎಂದ. ನಾನು ಫೋನ್ ಹಿಡಿದು ಕೂತೆ. ಉಡುಪಿ ಕಡೆಯ ಹೋಟೆಲಿನ ಅಣ್ಣ ಯಾವತ್ತೂ ಬೆಳಗಿನ ಆಟಕ್ಕೆ ಬರುವವರಲ್ಲ. ಅವರೂ, "ಒಂದು ದಿನ ಇಡ್ಲಿ ಮಾಣಿಗಳೇ ಬೇಯಿಸಲಿ ಮಾರಾಯ್ತಿ, ನಾನು ಬಂದೇ ಬರ್ತೇನೆ," ಎಂದರು. ನನ್ನ ಗಂಡ ಸೀಟು ಹಂಚಿದರು. ಎಲ್ಲರಿಗಿಂತ ಮೊದಲು ನಮ್ಮಿಬ್ಬರ ಕೊನೆಯ ಸಾಲಿನ ಮೂಲೆಯ ಎರಡು ಕುರ್ಚಿ ಹಿಡಿದರು. ಅದು ಅವರ ಪದ್ಧತಿ. ಶನಿವಾರ ಮಧ್ಯಾಹ್ನ ಬಟ್ಟೆಯ ಚೀಲ ಕಪಾಟಿನಿಂದ ಇಳಿದು ಹಾಲ್‌ನ ಮೂಲೆಗೆ ಬಂತು. ಅದರ ಪಕ್ಕದಲ್ಲಿ ಒಂದು ಕುಕ್ಕರ್. ಅನ್ನ ಮಾಡಿಕೊಳ್ಳಲು ಬರುತ್ತದೆಯೇ ಎಂದು ಕೇಳೋಣವೆನಿಸಿತು, ಕೇಳಲಿಲ್ಲ.

ರವಿವಾರ ಜಿಟಿಜಿಟಿ ಮಳೆ. ನಾನು ಇಳಕಲ್ ಸೀರೆ ಉಟ್ಟಿದ್ದೆ, ಕಾಯಿ ಒಡೆಯುವ ದಿನ ಅದನ್ನೇ ಉಡುವುದು. ಕಂಬದ ಸುತ್ತ ಜನ ಸೇರಿದರು. ಹುಡುಗರು ನಾಯಕನ ಹೆಸರು ಕೂಗಿದರು. ಗದಗದ ಅಮ್ಮ ನನ್ನ ಗಂಡನ ಹಣೆಗೂ ನನ್ನ ಹಣೆಗೂ ಕುಂಕುಮ ಹಚ್ಚಿ, "ಹತ್ರ ನಿಂದರ್ರಿ, ಯಾಕ ಬೀಗರಂಗ ದೂರ ನಿಂತೀರಿ?" ಎಂದು ನನ್ನ ರೆಟ್ಟೆ ಹಿಡಿದು ಅವರ ಪಕ್ಕಕ್ಕೆ ಎಳೆದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಕಾಯಿ ಎತ್ತಿ ಹೊಡೆದರು, ಒಂದೇ ಏಟಿಗೆ ಸಮ ಎರಡು ಹೋಳು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ನಾನು ಆರತಿ ಬೆಳಗಿದೆ. ಕರ್ಪೂರ ಆರುವ ತನಕ ತಟ್ಟೆ ಹಿಡಿದು ನಿಂತಿದ್ದೆ.

ಸಿನಿಮಾ ಶುರುವಾಯಿತು. ಕಥೆ ಕೇಳಬೇಡಿ. ಸಮುದ್ರ ಇತ್ತು, ಹಡಗು ಇತ್ತು, ಬಹಳ ಜನ ಕೂಗಾಡುತ್ತಿದ್ದರು. ಪರದೆಯ ಬೆಳಕು ಅವರ ಕೆನ್ನೆಯ ಮೇಲೆ ಬಂದು ಹೋಗುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಕಿವಿಯ ಹತ್ತಿರ ಕೂದಲು ಪೂರಾ ಬೆಳ್ಳಗಾಗಿದೆ, ಇದು ಯಾವಾಗ ಆಯಿತು? ಮಧ್ಯಂತರದಲ್ಲಿ ಎದ್ದು, "ಚಹಾ ತರ್ಲೇನು?" ಎಂದರು. ಬೇಡ ಎಂದೆ. ಅವರೂ ಕೂತರು. ಉಳಿದ ಅರ್ಧವೂ ನಡೆಯಿತು. ಕೊನೆಯಲ್ಲಿ ನಾಯಕ ಒಡೆದ ಹಡಗಿನಿಂದ ನೀರಿಗೆ ಬಿದ್ದ, ಮುಳುಗಿದ, ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಅಕ್ಷರ ಮೂಡಿದವು: ಎರಡನೆಯ ಭಾಗದಲ್ಲಿ ಮುಂದುವರಿಯುವುದು.

ಎರಡು ಭಾಗವೆಂದು ಅಲ್ಲಿಯ ತನಕ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಹಾಲ್‌ನಲ್ಲಿ ಗಲಾಟೆಯೋ ಗಲಾಟೆ. ಅರ್ಧ ಜನ ಸೀಟಿ, ಅರ್ಧ ಜನ ಬೈಗುಳ. ಸಿನಿಮಾ ಮುಗಿದಿಲ್ಲವಲ್ಲ! ಮಾತಿನಂತೆ ನಡೆಯುವ ಮನುಷ್ಯ, ಪೂರ್ತಿ ಬರದ ಸಿನಿಮಾಕ್ಕೆ ಏನೆನ್ನುತ್ತಾರೆ? ಅವರ ಕಡೆ ತಿರುಗಿದೆ. ಅವರು ಪರದೆಯ ಕಡೆಗೇ ನೋಡುತ್ತಿದ್ದರು. ದೀಪ ಹತ್ತಿದವು. ಎದ್ದು, ಮೊಣಕಾಲು ನೋವಿನವರನ್ನು ಕೈ ಹಿಡಿದು ಇಳಿಸಲು ಹೋದರು.

ಹೊರಗೆ ಮೆಟ್ಟಿಲ ಹತ್ತಿರ ಎಲ್ಲರೂ ಗುಂಪಾಗಿ ನಿಂತಿದ್ದರು. ಗದಗದ ಅಮ್ಮ ಖುಷಿಯಲ್ಲಿದ್ದರು. "ಕಾಯಿ ಎಷ್ಟ ಛಂದ ಒಡದ್ರಿ! ಸಿನಿಮಾ ಓಡತದ ನೋಡ್ರಿ. ಎರಡನೇ ಭಾಗಕ್ಕೂ ನೀವ ಇಬ್ಬರ ಒಡೀಬೇಕು ಮತ್ತ."

ಇವರು ತಮ್ಮ ಚಪ್ಪಲಿಯ ಕಡೆ ನೋಡಿದರು. "ಮುಂದಿನ ಸಲ ಬ್ಯಾರೆ ಜೋಡಿ ನೋಡ್ರಿ ಅಮ್ಮಾ."

"ಯಾಕ? ನಿಮಗೇನಾಗೇದ ಧಾಡಿ?"

ಮೊದಲ ಸಲ ನನ್ನ ಗಂಡನ ಮುಖ ಮಗುವಿನಂತೆ ಗಾಬರಿಯಾದದ್ದು ಕಂಡೆ. ಗುಂಪಿನಲ್ಲಿ ಮಾತಾಡುವವಳು ಯಾವಾಗಲೂ ನಾನೇ ಅಲ್ಲವೇ. ನಾನೇ ಹೇಳಿದೆ.

"ನಾವು ಬ್ಯಾರೆ ಆಗಾಕತ್ತೇವ್ರಿ ಅಮ್ಮಾ. ನಾಳೆ ಇವರು ಭೋಸರಿಗೆ ಹೋಗ್ತಾರ."

ಹೋಟೆಲಿನ ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ಗದಗದ ಅಮ್ಮ ನನ್ನನ್ನೂ ಅವರನ್ನೂ ನೋಡಿ, "ಈಗಿನ್ನ ಕಾಯಿ ಒಡದ್ರಲ್ಲ, ಏ ಹುಚ್ಚಿ," ಎಂದು ಅಲ್ಲಿಯೇ ಮೆಟ್ಟಿಲ ಮೇಲೆ ಕೂತರು. ನಾವು ಕೈ ಮುಗಿದು ಕೆಳಗೆ ಇಳಿದೆವು.

ಸ್ಕೂಟರಿನಲ್ಲಿ ಅವರ ಹಿಂದೆ ಕೂತೆ. ಮಳೆ ನಿಂತಿತ್ತು. ಚಿಂಚವಾಡ ಸ್ಟೇಷನ್ನಿನ ಸಿಗ್ನಲ್ ಬಂತು. ಕೆಂಪು ದೀಪಕ್ಕೆ ನಿಂತಾಗ ಅವರು ಹಿಂದೆ ತಿರುಗದೆ ಕೇಳಿದರು:

"ಹೆಂಗಿತ್ತು ಸಿನಿಮಾ?"

ಯಾವ ಸಿನಿಮಾ ಮುಗಿದರೂ ಅವರು ಮೊದಲು ಕೇಳುವುದು ಇದನ್ನೇ. ನಾನು ಸಂಗೀತದಿಂದ ಹಿಡಿದು ಹಿಂದೆ ನಿಂತ ಸೈನಿಕನ ಮೀಸೆಯ ತನಕ ಹೇಳುವವಳು. ಏನಾದರೂ ಹೇಳೋಣವೆಂದು ಬಾಯಿ ತೆಗೆದೆ. ಒಂದು ದೃಶ್ಯವೂ ನೆನಪಿಗೆ ಬರಲಿಲ್ಲ.

"ನಾ ನೋಡಲಿಲ್ರೀ," ಎಂದೆ.

"ನಾನೂ ನೋಡಲಿಲ್ಲ," ಎಂದರು.

ಅವರ ಬೆನ್ನು ನನ್ನ ಮುಂದೆಯೇ ಇತ್ತು. ಆ ಅಂಗಿಯನ್ನು ಯುಗಾದಿಯಲ್ಲಿ ಅವರೇ ಇಸ್ತ್ರಿ ಮಾಡಿದ್ದರು. ಇಡೀ ವರ್ಷ ನಾನು ಅವರನ್ನು ಏನೂ ಕೇಳಿರಲಿಲ್ಲ. ಇರಿ ಎಂದಿರಲಿಲ್ಲ, ಹೋಗಬೇಡಿ ಎಂದಿರಲಿಲ್ಲ.

"ಹಂಗಾರ ಇನ್ನೊಮ್ಮೆ ನೋಡೂಣೇನು? ಬರೂ ರವಿವಾರ? ಇಬ್ಬರೂ ಕೂಡಿ?"

ಹಸಿರು ದೀಪ ಬಂತು. ಅವರು ಗಾಡಿ ಬಿಡಲಿಲ್ಲ. ಹಿಂದಿನ ರಿಕ್ಷಾದವನು ಹಾರ್ನ್ ಒತ್ತಿದ, ಮರಾಠಿಯಲ್ಲಿ ಬೈದ.

"ನೀ ನೋಡು," ಎಂದರು ಅವರು. ಧ್ವನಿ ಬಹಳ ಮೆತ್ತಗಿತ್ತು. "ನನಗ ಇನ್ನ ಆಗೂದಿಲ್ಲ."

ಆಗ ಅಳು ಬಂತು. ಒಂದು ವರ್ಷದ್ದೆಲ್ಲ ಒಮ್ಮೆಲೇ, ನಡುರಸ್ತೆಯಲ್ಲಿ, ಇಳಕಲ್ ಸೀರೆಯಲ್ಲಿ, ಹಣೆಯ ಕುಂಕುಮ ಮೂಗಿನ ಮೇಲೆ ಇಳಿಯುವಂತೆ ಗೊಳೋ ಎಂದು ಅತ್ತೆ. ಅವರಿಗೆ ಕೇಳಿಸುತ್ತಿತ್ತು. ಅವರ ಬೆನ್ನೂ ಅದುರುತ್ತಿತ್ತು, ಆದರೆ ತಿರುಗಲಿಲ್ಲ. ಗಾಡಿ ಬಿಟ್ಟರು. ರಸ್ತೆ ಹಸಿಯಾಗಿತ್ತು. ಬೀಳಬಾರದೆಂದು ನಾನು ಅವರ ಭುಜ ಹಿಡಿದುಕೊಂಡೆ.